1967ರ ತೀರ್ಪಿನ ನಂತರವೂ ಕಡತದಲ್ಲಿ ಉಳಿದ ನಿಷೇಧ

ಸುಪ್ರೀಂ ಕೋರ್ಟಿನ 1967ರ ಲವಿಂಗ್ ತೀರ್ಪಿನಿಂದ (ಲವಿಂಗ್ ದಂಪತಿಯ ಮೊಕದ್ದಮೆ) ಅಮೆರಿಕದಲ್ಲಿ ಅಂತರ್ಜನಾಂಗೀಯ ಮದುವೆಯ ನಿಷೇಧ 'ಅಳಿಸಿಹೋಯಿತು' ಎಂದು ಈ ವಿಷಯದ ಲೇಖನವೊಂದು ಹೇಳುತ್ತದೆ. ನಿಷೇಧಕ್ಕೆ ಬಲ ಹೋಯಿತು, ನಿಜ. ಆದರೆ ಅಲಬಾಮಾದ ಸಂವಿಧಾನದಿಂದ ಆ ಸಾಲನ್ನು ಕಿತ್ತುಹಾಕಿದ್ದು 2000ದಲ್ಲಿ, ಮತದಾನದ ಮೂಲಕ. ಆಗಲೂ ಮತ ಹಾಕಿದವರಲ್ಲಿ ಸುಮಾರು 40% ಜನ ಕಿತ್ತುಹಾಕುವುದು ಬೇಡವೆಂದರು. ಲೇಖನ ಇದನ್ನು ಬಿಡಬಾರದಿತ್ತು.

ಈ ಮೊಕದ್ದಮೆಯ ದಂಪತಿ, ಬಿಳಿಯ ರಿಚರ್ಡ್ ಲವಿಂಗ್ ಮತ್ತು ಕಪ್ಪು ಜನಾಂಗದ ಮಿಲ್ಡ್ರೆಡ್, 1958ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಕಾನೂನುಬದ್ಧವಾಗಿಯೇ ಮದುವೆಯಾಗಿದ್ದರು. ಹಾಗಾದರೆ ವರ್ಜೀನಿಯಾಕ್ಕೆ ಮರಳಿದಾಗ ಅವರ ಬಂಧನ ಯಾಕೆ? ಹೊರಗೆ ಮದುವೆಯಾಗಿ ಬಂದು ಸಂಸಾರ ಹೂಡುವುದೂ ವರ್ಜೀನಿಯಾದಲ್ಲಿ ಅಪರಾಧವಾಗಿತ್ತು, 1ರಿಂದ 5 ವರ್ಷ ಜೈಲು. ರಾತ್ರಿ ಮಲಗುವ ಕೋಣೆಗೇ ನುಗ್ಗಿದ ಶೆರಿಫ್‌ಗೆ (ಸ್ಥಳೀಯ ಪೊಲೀಸ್ ಅಧಿಕಾರಿ) ಗೋಡೆಗೆ ತೂಗುಹಾಕಿದ್ದ ಮದುವೆ ಪ್ರಮಾಣಪತ್ರ ತೋರಿಸಿದರೆ, ಅದು ಇಲ್ಲಿ ನಡೆಯಲ್ಲ ಎಂದುಬಿಟ್ಟ. ಶಿಕ್ಷೆ 1 ವರ್ಷ. 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದೆಂಬ ಷರತ್ತಿನ ಮೇಲೆ ಅಮಾನತು.

ವರ್ಜೀನಿಯಾದ 1924ರ ಕಾನೂನಿನ ಪ್ರಕಾರ 'ಬಿಳಿಯ' ಎನಿಸಿಕೊಳ್ಳಲು ಬೇರೆ ಜನಾಂಗದ ರಕ್ತ ಒಂದು ಹನಿಯೂ ಇರಬಾರದಿತ್ತು. ಆದರೆ ಮೂಲನಿವಾಸಿ ರಕ್ತ ಮಾತ್ರ 1/16ರವರೆಗೆ ಇರಬಹುದಿತ್ತು! ಯಾಕೆಂದರೆ ಅಲ್ಲಿನ ಗಣ್ಯ ಮನೆತನಗಳು ಮೂಲನಿವಾಸಿ ಮಹಿಳೆ ಪೊಕಹಾಂಟಸ್‌ಳ ವಂಶದವರೆಂದು ಹೇಳಿಕೊಳ್ಳುತ್ತಿದ್ದವು. ರಕ್ತದ ಶುದ್ಧಿ ಎಂಬುದು ಎಷ್ಟು ಅನುಕೂಲಸಿಂಧು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಮೆರಿಕದ ಜನಗಣತಿಯಲ್ಲಿ ತಮ್ಮನ್ನು ಒಂದಕ್ಕಿಂತ ಹೆಚ್ಚು ಜನಾಂಗದವರೆಂದು ಗುರುತಿಸಿಕೊಳ್ಳಲು ಅವಕಾಶ ಸಿಕ್ಕಿದ್ದೂ ಅದೇ 2000ದಲ್ಲೇ. ಮೊದಲ ಸಲವೇ ಸುಮಾರು 68 ಲಕ್ಷ ಜನ ಹಾಗೆ ಗುರುತು ಹಾಕಿದರು.