ನಿಮ್ಮ ಹೆಸರು ಸರಿಯಿಲ್ಲ, ಬದಲಾಯಿಸಿಕೊಂಡು ಬನ್ನಿ

ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಓಡುವ ಒಂದು ಟೂಲ್ "ಫೈಲಿಗೆ ಹೆಸರು ಕೊಡಿ" ಅಂದಿತು. ಕೃಷ್ಣ ಅಂತ ಕೊಟ್ಟೆ. "ಅಮಾನ್ಯ ಅಕ್ಷರ" ಅಂದಿತು. ಕೇಳಿದ್ದೂ ಅದೇ, ಬೈದದ್ದೂ ಅದೇ.

ಇದು ಯಾರ ಅಪ್ಪಣೆ ಅಂತ ಹುಡುಕಿದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಫೈಲ್ ಹೆಸರಿನಲ್ಲಿ ಆಗದ್ದು ಎರಡೇ: ಸ್ಲ್ಯಾಷ್, ಮತ್ತೆ ಸೊನ್ನೆ ಬೆಲೆಯ ಬೈಟ್. ಮಿಕ್ಕಿದ್ದು ಏನೇ ಬರಲಿ, ಸಾಹೇಬರ ತಕರಾರಿಲ್ಲ. ತಕರಾರೆಲ್ಲ ಬಾಗಿಲಲ್ಲಿ ಕೂತ ಗುಮಾಸ್ತನದು, ಅಂದರೆ ಈ ಟೂಲಿನದು. ಅವನ ಕೈಯಲ್ಲಿ ಯಾವ ಅಕ್ಷರ ನಡೆಯುತ್ತದೆ ಅಂತ ಹೇಳುವ ಒಂದು ಸಾಲಿನ ಸೂತ್ರ, ರೆಜೆಕ್ಸ್: ಎ ಯಿಂದ ಝಡ್, ಅಂಕಿಗಳು, ಹೈಫನ್. 1963ರಲ್ಲಿ ಬಂದ ಇಂಗ್ಲಿಷ್ ಸಂಕೇತಪಟ್ಟಿ ಆಸ್ಕಿಯ 128 ಸಂಕೇತಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಅವನಿಗೆ ಬೇಡ. ಕನ್ನಡ 1991ರಲ್ಲೇ, ಜಗತ್ತಿನ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ಗೆ ಬಂತು. ಸುದ್ದಿ ಇನ್ನೂ ಬಾಗಿಲಿಗೆ ಮುಟ್ಟಿಲ್ಲ.

ಇವನಾದರೂ ಮುಖಕ್ಕೇ ಹೇಳುತ್ತಾನೆ. ಕೆಲವು ಟೂಲ್‌ಗಳಿಗೆ ಮರ್ಯಾದೆ ಜಾಸ್ತಿ. ಸುಮ್ನೆ, ಆಗದ ಅಕ್ಷರದ ಜಾಗಕ್ಕೆಲ್ಲ ಅಂಡರ್‌ಸ್ಕೋರ್ ಹಾಕಿ ಮುಂದೆ ಹೋಗುತ್ತವೆ. ಯೂನಿಕೋಡ್ ಲೆಕ್ಕದಲ್ಲಿ ಕೃಷ್ಣ ಐದು ಸಂಕೇತ. ಸುರೇಶನೂ ಐದೇ. ಹಾಗಾಗಿ ಇಬ್ಬರ ಹೆಸರೂ "_____". ಕೃಷ್ಣನ ಫೈಲಿನ ಮೇಲೆ ಸುರೇಶನ ಫೈಲ್ ಬಂದು ಕೂತಿತು. ಎರರ್ ಬಂತಾ? ಇಲ್ಲ, "ಕೆಲಸ ಮುಗಿಯಿತು" ಅಂತ ಬಂತು.

"ನಮ್ಮಲ್ಲಿ ಯೂನಿಕೋಡ್ ಉಂಟು" ಅನ್ನುವವರದ್ದು ಬೇರೆ ಕಥೆ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ರೆಜೆಕ್ಸ್‌ನಲ್ಲಿ ಅಕ್ಷರ ಗುರುತಿಸುವ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂಗೆ ಕ, ಷ, ಣ ಎಲ್ಲ ಪರಿಚಯ. ಆದರೆ ವಟ್ರಸುಳಿ, ಒತ್ತಕ್ಷರ ಮಾಡುವ ಹಲಂತ ಯಾರೋ ಏನೋ. ಅವನ್ನು ಕಿತ್ತು ಅಂಡರ್‌ಸ್ಕೋರ್ ಹಾಕಿದರೆ ಉಳಿಯುವುದು: ಕ_ಷ_ಣ. ಮಧ್ಯೆ ಮಧ್ಯೆ ಹಲ್ಲು ಉದುರಿದವರು ಹೆಸರು ಹೇಳಿದ ಹಾಗೆ.

ನನಗೆ ಬಹಳ ಇಷ್ಟವಾದದ್ದು ಪ್ರೇಮ್‌ಕುಮಾರ್ ಪ್ರಸಂಗ. 'ಮ್'ಗೆ 'ಕು' ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಟೂಲ್ ಅದನ್ನು ಹಿಡಿಯಿತು. "ಈ ಅಕ್ಷರ ಅಮಾನ್ಯ:" ಅಂತ ಬರೆದು ಮುಂದೆ ಖಾಲಿ ಬಿಟ್ಟಿತು! ಇಲ್ಲದ್ದನ್ನು ಅಳಿಸುವುದು ಹೇಗೆ ಅಂತ ಪ್ರೇಮ್‌ಕುಮಾರ್ ಇನ್ನೂ ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಕೂತಿದ್ದಾನೆ.

ಇಷ್ಟೆಲ್ಲ ಕಾವಲು ಯಾಕೆ ಅಂದರೆ, ಸುರಕ್ಷತೆಗಂತೆ. ಸರಿ, ನೋಡೋಣ ಅಂತ ಆ ಮೊದಲ ಗುಮಾಸ್ತನ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಒಂದು ಹೆಸರು ಕೊಟ್ಟೆ: ಹೈಫನ್, ಆರ್, ಎಫ್. ಈ ಹೆಸರನ್ನು ಹಾಗೇ ಫೈಲ್ ಅಳಿಸುವ ಆರ್‌ಎಂ ಕಮಾಂಡಿನ ಕೈಗೆ ಕೊಟ್ಟರೆ ಅದು ಹೆಸರು ಅಂದುಕೊಳ್ಳುವುದೇ ಇಲ್ಲ. "ಯಾರನ್ನೂ ಕೇಳಬೇಡ, ಫೋಲ್ಡರ್ ಸಮೇತ ಅಳಿಸು" ಅನ್ನುವ ಅಪ್ಪಣೆ ಅಂದುಕೊಳ್ಳುತ್ತದೆ. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿದ. ಹೈಫನ್ ಇದೆ. ಆರ್ ಇದೆ. ಎಫ್ ಕೂಡ ಇದೆ.

"ಹೆಸರು ಸರಿಯಾಗಿದೆ. ಒಳಗೆ ಬನ್ನಿ."