ಸುಮೊ ನೋಡಬೇಕಾ? ಮೊದಲು ಗುಡಿಗೆ ಹೋಗಿ

ಮೇ ತಿಂಗಳಲ್ಲಿ ಟೋಕಿಯೊಗೆ ಹೊರಟಿದ್ದೇವೆ. ನಾನು, ಮನೆಯವರು, ಜೊತೆಗೆ ನಮ್ಮತ್ತೆ. ವಿಷಯ ಗೊತ್ತಾದವರೆಲ್ಲ ಕೇಳುವುದು ಒಂದೇ, "ಸುಮೊ ಟಿಕೆಟ್ ಸಿಕ್ತಾ?" ಟ್ರಾವೆಲ್ ಏಜೆಂಟ್ ಒಬ್ಬರು ಊಟ, ಫೋಟೊ, ಸುಮೊ ಎಲ್ಲ ಸೇರಿಸಿ ಪ್ಯಾಕೇಜ್ ಹೇಳಿದರು. ವಿಚಾರಿಸಿದರೆ ಅದು ಪಂದ್ಯವೇ ಅಲ್ಲ, ನಿವೃತ್ತ ಪೈಲ್ವಾನರು ಪ್ರವಾಸಿಗರಿಗೆಂದೇ ಮಾಡುವ ಪ್ರದರ್ಶನ. ಬೇಡ ಅಂದೆ.

ನಿಜವಾದ ಪಂದ್ಯಾವಳಿ ವರ್ಷಕ್ಕೆ ಆರು, ಒಂದೊಂದೂ 15 ದಿನ. ಟೋಕಿಯೊದಲ್ಲಿ ಜನವರಿ, ಮೇ, ಸೆಪ್ಟೆಂಬರ್ ಮಾತ್ರ. ಚೆರ್ರಿ ಹೂವಿಗೆಂದು ಮಾರ್ಚ್‌ನಲ್ಲಿ ಟೋಕಿಯೊಗೆ ಹೋಗುವವರು ಗಮನಿಸಿ, ಆಗ ಸುಮೊ ಒಸಾಕಾದಲ್ಲಿರುತ್ತದೆ.

ಆದರೆ ನನ್ನ ಪ್ರಕಾರ ಟಿಕೆಟ್ ಎರಡನೇ ಮಾತು. ಸುಮೊ ಬೆಳೆದಿದ್ದೇ ಗುಡಿಯ ಅಂಗಳದಲ್ಲಿ. ಅದನ್ನು ಬಿಟ್ಟು ನೇರ ಸ್ಟೇಡಿಯಂಗೆ ಹೋದರೆ ದಪ್ಪ ಗಂಡಸರ ತಳ್ಳಾಟವಷ್ಟೇ ಕಾಣುತ್ತದೆ.

ಹಾಗಾಗಿ ನಮ್ಮ ದಿನ ಶುರುವಾಗುವುದು ಟೋಕಿಯೊದ ಮೊನ್ಜೆನ್-ನಕಾಚೊ ಬಡಾವಣೆಯ ತೊಮಿಯೊಕಾ ಹಚಿಮಾನ್ ಗುಡಿಯಿಂದ. 1627ರ ಗುಡಿ. 1684ರಿಂದ ಇಲ್ಲಿ ಸುಮೊ ನಡೆಯುತ್ತಿತ್ತು. ಗುಡಿ ಕಟ್ಟಲು, ರಿಪೇರಿ ಮಾಡಿಸಲು ಹಣ ಬೇಕಲ್ವಾ, ಕುಸ್ತಿ ಆಡಿಸಿ ಚಂದಾ ಎತ್ತುವ ಪದ್ಧತಿ ಅದು. ಅಂಗಳದಲ್ಲಿ 1900ರಲ್ಲಿ ನಿಲ್ಲಿಸಿದ ದೊಡ್ಡ ಕಲ್ಲು ಇದೆ. ಅದರ ಮೇಲೆ ಯೊಕೊಜುನಾ, ಅಂದರೆ ಅತ್ಯುನ್ನತ ದರ್ಜೆಯ ಪೈಲ್ವಾನರ ಹೆಸರು ಕೆತ್ತುತ್ತಾರೆ. ಇಷ್ಟು ಶತಮಾನಗಳಲ್ಲಿ ಆ ದರ್ಜೆಗೇರಿದವರು ಎಷ್ಟು ಕಡಿಮೆ ನೋಡಿ, 2025ರಲ್ಲಿ ಏರಿದ ಒನೊಸಾಟೊ 75ನೆಯವರು.

ಅಲ್ಲಿಂದ ಓಎಡೊ ಲೈನ್ ಮೆಟ್ರೊದಲ್ಲಿ ಮೂರನೇ ಸ್ಟಾಪ್ ರ್ಯೋಗೊಕು. ಇಲ್ಲಿನ ಎಕೊಇನ್, 1657ರ ದೊಡ್ಡ ಬೆಂಕಿಯಲ್ಲಿ ಸತ್ತವರಿಗಾಗಿ ಕಟ್ಟಿದ್ದು. ಇದು ಬೌದ್ಧ ದೇವಾಲಯ, ಹಾಗಾಗಿ ಶಿಂಟೊ (ಜಪಾನಿನ ಮೂಲ ಧರ್ಮ) ಗುಡಿಯಲ್ಲಿ ಮಾಡುವಂತೆ ಇಲ್ಲಿ ಎರಡು ಸಲ ಚಪ್ಪಾಳೆ ತಟ್ಟಬೇಡಿ. 1833ರಿಂದ ಎಷ್ಟೋ ಕಾಲ ಟೋಕಿಯೊದ ಸುಮೊ ನಡೆದಿದ್ದು ಇದರ ಅಂಗಳದಲ್ಲೇ. 1909ರಲ್ಲಿ ಮೊದಲ ಕೊಕುಗಿಕಾನ್, ಅಂದರೆ ಸುಮೊ ಸ್ಟೇಡಿಯಂ, ಎದ್ದಿದ್ದೂ ಇಲ್ಲೇ. ಈಗಿನದು 1985ರದ್ದು, ರೈಲ್ವೆ ಸ್ಟೇಷನ್ನಿನ ಆ ಕಡೆ. ಹತ್ತಿರದಲ್ಲೇ ನೊಮಿ ನೊ ಸುಕುನೆ ಎಂಬ ಪುಟ್ಟ ಗುಡಿ, ಸುಮೊದ ಮೂಲಪುರುಷ ಅಂತ ನಂಬುವವನದ್ದು.

ಇಷ್ಟು ನೋಡಿ ಸ್ಟೇಡಿಯಂ ಒಳಗೆ ಹೋದರೆ ಕಣ್ಣಿಗೆ ಬೀಳುವುದೇ ಬೇರೆ. ಅಖಾಡದ ಮೇಲೆ ತೂಗುವ ಚಾವಣಿ ಶಿಂಟೊ ಗುಡಿಯದೇ ಆಕಾರ. ಮೊದಲು ನಾಲ್ಕು ಕಂಬಗಳಿದ್ದವು. ನೋಡುವವರಿಗೆ ಅಡ್ಡ ಅಂತ 1952ರಲ್ಲಿ ತೆಗೆದು, ಬದಲಿಗೆ ನಾಲ್ಕು ಬಣ್ಣದ ಕುಚ್ಚು ಕಟ್ಟಿದರು. ಪಂದ್ಯಾವಳಿಯ ಹಿಂದಿನ ದಿನ ಪೂಜೆ ಮಾಡಿ ಅಖಾಡದ ನಡುವೆ ಅಕ್ಕಿ, ಉಪ್ಪು, ಕಡಲ ಪಾಚಿ, ಒಣ ಸ್ಕ್ವಿಡ್ ಹೂಳುತ್ತಾರೆ. ಗರಡಿಮನೆಯ ಮಣ್ಣಿಗೆ ಕೈಮುಗಿದು ಇಳಿಯುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ.

ನನಗೆ ಸಿಟ್ಟು ಬರುವುದೂ ಆ ಅಖಾಡದ ಬಗ್ಗೆಯೇ. ಅದರ ಮೇಲೆ ಹೆಂಗಸರು ಕಾಲಿಡುವಂತಿಲ್ಲ. ಜಪಾನಿನ ಮೊದಲ ಮಹಿಳಾ ಗವರ್ನರ್ ಫುಸಾಎ ಓಟಾ, ಒಸಾಕಾದಲ್ಲಿ ಗೆದ್ದವರಿಗೆ ತಾನೇ ಬಹುಮಾನ ಕೊಡುತ್ತೇನೆ ಅಂದರೂ ಬಿಡಲಿಲ್ಲ. 2018ರಲ್ಲಿ ಮೈಜುರು ಎಂಬ ಊರಿನಲ್ಲಿ ಮೇಯರ್ ಭಾಷಣ ಮಾಡುತ್ತಲೇ ಅಖಾಡದ ಮೇಲೆ ಕುಸಿದುಬಿದ್ದರು. ಹೆಂಗಸರು ಓಡಿಬಂದು ಎದೆ ಒತ್ತಿ ಉಳಿಸಲು ನೋಡುತ್ತಿದ್ದರೆ, "ಹೆಂಗಸರು ಕೆಳಗಿಳಿಯಿರಿ" ಅಂತ ಮೈಕಿನಲ್ಲಿ ಘೋಷಣೆ! ಸುಮೊ ಸಂಘದ ಅಧ್ಯಕ್ಷರು ಆಮೇಲೆ ಕ್ಷಮೆ ಕೇಳಿದರು. ನಿಯಮ ಮಾತ್ರ ಬದಲಾಗಲಿಲ್ಲ. ಮಡಿ ಅನ್ನುತ್ತಾರೆ. ಟಿಕೆಟ್ ದುಡ್ಡಿಗೆ ಆ ಮಡಿ ಇಲ್ಲ. ಇಂಥ ವಾದ ನಮ್ಮೂರಲ್ಲೂ ಸಾಕಷ್ಟು ಕೇಳಿದ್ದೇವೆ, ಅಲ್ವಾ? ಆದರೂ ಹೋಗುತ್ತೇನೆ. ಇಷ್ಟಪಟ್ಟೇ ನೋಡುತ್ತೇನೆ, ಬೈಯುತ್ತಲೂ ಇರುತ್ತೇನೆ.

ಟಿಕೆಟ್ ಮಾರಾಟ ಸುಮಾರು ಒಂದು ತಿಂಗಳ ಮುಂಚೆ ಶುರುವಾಗುತ್ತದೆ. ಶನಿವಾರ, ಭಾನುವಾರದ ಆಸೆ ಬಿಡಿ, ವಾರದ ದಿನ ಪ್ರಯತ್ನಿಸಿ. ಕೆಳಗಿನ ಬಾಕ್ಸ್ ಸೀಟಿನಲ್ಲಿ ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಕೂರಬೇಕು, ಮಂಡಿ ನೋವಿನವರಿಗೆ ಮೇಲಿನ ಕುರ್ಚಿಯೇ ವಾಸಿ. ಟಿಕೆಟ್ ಸಿಗದಿದ್ದರೂ ಮಧ್ಯಾಹ್ನ ಗೇಟಿನ ಹತ್ತಿರ ನಿಲ್ಲಿ. ಬಣ್ಣದ ಬಾವುಟಗಳ ನಡುವೆ ಜುಟ್ಟು ಕಟ್ಟಿದ ಪೈಲ್ವಾನರು ನಡೆದುಕೊಂಡೇ ಬರುತ್ತಾರೆ.

ಇನ್ನು ಊಟ. ಪೈಲ್ವಾನರ ಚಾಂಕೊ ಅನ್ನುವ ಸಾರಿನಲ್ಲಿ ಸಾಮಾನ್ಯವಾಗಿ ಕೋಳಿ ಅಥವಾ ಮೀನು ಇರುತ್ತದೆ, ತರಕಾರಿ ಮಾತ್ರ ಹಾಕಿಸಿದರೂ ತಿಳಿ ಹೆಚ್ಚಾಗಿ ಕೋಳಿಯದ್ದೋ ಮೀನಿನದ್ದೋ ಆಗಿರುತ್ತದೆ. ನಮ್ಮತ್ತೆ ಶುದ್ಧ ಸಸ್ಯಾಹಾರಿ. ರ್ಯೋಗೊಕು ಸುತ್ತಮುತ್ತ ಅವರಿಗೆ ಏನು ಸಿಗಬಹುದು? ಹೋಗಿ ಬಂದವರು ದಯವಿಟ್ಟು ಕಾಮೆಂಟ್ ಹಾಕಿ. ಇಲ್ಲದಿದ್ದರೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೊರಡುವುದು.