ಗ್ಯಾರಮಂಡ್ ಸರಿ, ಆದರೆ ಯಾವ ಗ್ಯಾರಮಂಡ್?

ಇಂಗ್ಲಿಷ್ ಪುಸ್ತಕಕ್ಕೆ ಯಾವ ಫಾಂಟ್ ಅಂತ ಕೇಳಿ ನೋಡಿ, ನಾಲ್ಕು ಜನರಲ್ಲಿ ಇಬ್ಬರಾದರೂ ಗ್ಯಾರಮಂಡ್ ಅನ್ನುತ್ತಾರೆ. ಇದು ಅರ್ಧ ಉತ್ತರ. ಆ ಹೆಸರಿನಲ್ಲಿ ಹಲವು ಫಾಂಟುಗಳಿವೆ, ಕೆಲವಂತೂ ಗ್ಯಾರಮಂಡ್‌ನವೇ ಅಲ್ಲ.

ಕ್ಲೋಡ್ ಗ್ಯಾರಮಂಡ್ ಪ್ಯಾರಿಸ್‌ನಲ್ಲಿ ಅಚ್ಚುಮೊಳೆಗಳಿಗೆ ಅಕ್ಷರ ಕೊರೆಯುತ್ತಿದ್ದವನು, ತೀರಿಕೊಂಡದ್ದು 1561ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ ಸೆಡಾನ್ ಪಟ್ಟಣ‌ನ ಮುದ್ರಕ ಝಾಂ ಝಾನೋಂ ಅದೇ ಧಾಟಿಯಲ್ಲಿ ತನ್ನ ಅಕ್ಷರಗಳನ್ನು ಕೊರೆದ. ಅವು ಫ್ರಾನ್ಸಿನ ಸರ್ಕಾರಿ ಮುದ್ರಣಾಲಯ ಸೇರಿ, ಕಾಲಾಂತರದಲ್ಲಿ ಗ್ಯಾರಮಂಡ್‌ನ ಲೆಕ್ಕಕ್ಕೆ ಜಮೆಯಾದವು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಅವನ್ನೇ ಮಾದರಿಯಾಗಿಟ್ಟುಕೊಂಡು 'ಗ್ಯಾರಮಂಡ್' ಮಾರಿದವು. ಮುದ್ರಣ ಇತಿಹಾಸದ ವಿದ್ವಾಂಸೆ ಬಿಯಾಟ್ರಿಸ್ ವಾರ್ಡ್ 1926ರಲ್ಲಿ, ಅದೂ ಗಂಡಸಿನ ಹೆಸರಿನಲ್ಲಿ, ಲೇಖನ ಬರೆದು ಗುಟ್ಟು ರಟ್ಟು ಮಾಡಿದಳು. ಫಾಂಟುಗಳ ಹೆಸರು ಮಾತ್ರ ಬದಲಾಗಲಿಲ್ಲ.

ಎಂಎಸ್ ಆಫೀಸ್ ಜೊತೆ ಬರುವ ಮೋನೋಟೈಪ್ ಗ್ಯಾರಮಂಡ್ ಈ ಝಾನೋಂ ವಂಶದ್ದು. ಸಣ್ಣ 'ಎಂ', 'ಎನ್', 'ಆರ್' ಅಕ್ಷರಗಳ ಎಡ ನೆತ್ತಿಯ ಸೆರಿಫ್ (ಗೆರೆಯ ತುದಿಯ ಪುಟ್ಟ ಚಾಚು) ನೋಡಿ: ಕಡಿದಾಗಿ ಇಳಿದು, ನಡುವೆ ಕೆತ್ತಿ ತೆಗೆದಂತಿರುತ್ತದೆ. ಇಟ್ಯಾಲಿಕ್‌ನಲ್ಲಿ ಒಂದೊಂದು ಅಕ್ಷರ ಒಂದೊಂದು ಕೋನಕ್ಕೆ ವಾಲುತ್ತದೆ. ಚೆಲುವಿಲ್ಲ ಅಂತಲ್ಲ, ಆದರೆ ಪುಟ ತೆಳುವಾಗಿ ಕಾಣುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಕಾಗದಕ್ಕೆ ಒತ್ತಿದಾಗ ಮಸಿ ಹರಡಿ ಗೆರೆ ದಪ್ಪವಾಗುತ್ತಿತ್ತು. ಈಗಿನ ಮುದ್ರಣ ವಿಧಾನವಾದ ಆಫ್‌ಸೆಟ್‌ನಲ್ಲಿ ಆ ಹರಡುವಿಕೆ ಸಿಗುವುದಿಲ್ಲ. ಜೊತೆಗೆ ಆಫೀಸ್ ಕೊಡುವುದು ರೆಗ್ಯುಲರ್, ಬೋಲ್ಡ್, ಇಟ್ಯಾಲಿಕ್ ಮೂರೇ. ಬೋಲ್ಡ್ ಇಟ್ಯಾಲಿಕ್ ಒತ್ತಿದರೆ ವರ್ಡ್ ಇದ್ದದ್ದನ್ನೇ ವಾಲಿಸಿ ಅಥವಾ ಉಬ್ಬಿಸಿ ಕೊಡುತ್ತದೆ.

ದುಡ್ಡು ಕೊಡಲಾಗದಿದ್ದರೆ ಇಬಿ ಗ್ಯಾರಮಂಡ್ ಇಳಿಸಿಕೊಳ್ಳಿ. 1592ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಮಾದರಿ ಹಾಳೆಯೊಂದು ಇದಕ್ಕೆ ಆಧಾರ. ನೆಟ್ಟಗಿನ ಅಕ್ಷರ ಗ್ಯಾರಮಂಡ್‌ನದು, ಇಟ್ಯಾಲಿಕ್ ಅವನ ಸಮಕಾಲೀನ ರಾಬರ್ಟ್ ಗ್ರಾಂಜೋನದು. ಕೊಳ್ಳುವುದಾದರೆ 1989ರ ಅಡೋಬಿ ಗ್ಯಾರಮಂಡ್ ಇದೆ. ಐಟಿಸಿ ಗ್ಯಾರಮಂಡ್ ಜಾಹೀರಾತಿಗೆ ಇರಲಿ, ಕಾದಂಬರಿಯ ಹತ್ತಿರ ತರಬೇಡಿ.

ಪುಸ್ತಕಕ್ಕೆ ಬಳಸುವ ಈ ಗ್ಯಾರಮಂಡ್ ಫಾಂಟುಗಳ ಸಣ್ಣಕ್ಷರಗಳ ಎತ್ತರ ಕಡಿಮೆ. ಟೈಮ್ಸ್ ನ್ಯೂ ರೋಮನ್ ಫಾಂಟಿನ 11 ಪಾಯಿಂಟಿನ ಪಕ್ಕದಲ್ಲಿ ಗ್ಯಾರಮಂಡ್ 12 ಹೆಚ್ಚುಕಮ್ಮಿ ಸರಿಸಮ. ಹಾಗಾಗಿ 11.5 ಅಥವಾ 12 ಪಾಯಿಂಟ್ ಇಟ್ಟು, ಸಾಲಿನ ಅಂತರ 14.5ರಿಂದ 15, ಸಾಲಿಗೆ 60–65 ಅಕ್ಷರ ಬರುವಂತೆ ಅಂಚು ಹೊಂದಿಸಿ. ವರ್ಡ್‌ನಲ್ಲಿ ಲಿಗೇಚರ್ (ಅಕ್ಷರಗಳನ್ನು ಬೆಸೆದ ಒಂದೇ ರೂಪ) ತಾನಾಗಿ ಬರದಿದ್ದರೆ ಫಾಂಟ್ ಡಯಲಾಗ್‌ನ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ ಆನ್ ಮಾಡಬೇಕು. ಮಾಡದಿದ್ದರೆ 'ಎಫ್'ನ ಕೊಕ್ಕೆ ಪಕ್ಕದ 'ಐ'ನ ಚುಕ್ಕೆಗೆ ತಗುಲುತ್ತದೆ. ಅಂಕಿಗಳ ಆಯ್ಕೆಯೂ ಅಲ್ಲೇ ಇದೆ: ಓಡುವ ವಾಕ್ಯದಲ್ಲಿ ಓಲ್ಡ್-ಸ್ಟೈಲ್ (ಸಣ್ಣಕ್ಷರಗಳಂತೆ ಮೇಲೆ ಕೆಳಗೆ ಚಾಚುವ ಅಂಕಿ), ಕೋಷ್ಟಕದಲ್ಲಿ ಲೈನಿಂಗ್ (ಎಲ್ಲ ಒಂದೇ ಎತ್ತರ) ಮತ್ತು ಟ್ಯಾಬ್ಯುಲರ್ (ಎಲ್ಲ ಒಂದೇ ಅಗಲ). ಅದಲುಬದಲಾದರೆ ಲೆಕ್ಕದ ಕಾಲಂಗಳು ಕುಣಿಯುತ್ತವೆ. ವರ್ಡ್‌ನ ಸ್ಮಾಲ್ ಕ್ಯಾಪ್ಸ್ (ಸಣ್ಣಕ್ಷರದಷ್ಟೇ ಎತ್ತರದ ದೊಡ್ಡಕ್ಷರ) ಮುಟ್ಟಬೇಡಿ. ದೊಡ್ಡಕ್ಷರವನ್ನೇ ಕುಗ್ಗಿಸುವುದರಿಂದ ಸೊರಗಿ ಕಾಣುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಾದರೆ ಫಾಂಟಿನೊಳಗಿನ ಅಸಲಿ ಸ್ಮಾಲ್ ಕ್ಯಾಪ್ಸ್ ಸಿಗುತ್ತದೆ. ಬೋಲ್ಡ್ ಆದಷ್ಟು ಬೇಡ. ಗ್ಯಾರಮಂಡ್ ಬೋಲ್ಡ್ ಕೊರೆದವನೇ ಅಲ್ಲ, ಈಗಿನದೆಲ್ಲ ನಂತರದವರು ಸೇರಿಸಿದ್ದು. ಒತ್ತು ಬೇಕಾದಲ್ಲಿ ಇಟ್ಯಾಲಿಕ್ ಸಾಕು.

ಇನ್ನು ಆ ಇಂಕ್ ಉಳಿತಾಯದ ಮಾತು. ಗ್ಯಾರಮಂಡ್‌ಗೆ ಬದಲಾದರೆ ಅಮೆರಿಕ ಸರ್ಕಾರಕ್ಕೆ ಕೋಟಿಗಟ್ಟಲೆ ಉಳಿಯುತ್ತದೆ ಅಂತ 2014ರಲ್ಲಿ ಸುದ್ದಿಯಾಗಿತ್ತು, ಈಗಲೂ ಫಾರ್ವರ್ಡ್ ಆಗುತ್ತಿರುತ್ತದೆ. ಒಂದೇ ಪಾಯಿಂಟ್ ಸೈಜಿನಲ್ಲಿ ಅಕ್ಷರವೇ ಚಿಕ್ಕದಿದ್ದರೆ ಇಂಕ್ ಕಮ್ಮಿ ಹಿಡಿಯದೆ ಇನ್ನೇನು? ಟೈಮ್ಸ್‌ನಷ್ಟೇ ಸಲೀಸಾಗಿ ಓದಿಸುವಷ್ಟು ದೊಡ್ಡದು ಮಾಡಿ, ಉಳಿತಾಯ ಬಹುಪಾಲು ಕರಗಿಹೋಗುತ್ತದೆ.

ಮೊಬೈಲ್ ಆ್ಯಪ್‌ನ ಬಟನ್, 8 ಪಾಯಿಂಟ್‌ಗಿಂತ ಚಿಕ್ಕ ಅಡಿಟಿಪ್ಪಣಿ, ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ, ಇವಕ್ಕೆ ಬೇರೆ ಫಾಂಟ್ ನೋಡಿ. ಕಪ್ಪಿನ ಮೇಲೆ ಅಚ್ಚು ಹಾಕಿಸಿದರೆ ಸುತ್ತಲಿನ ಇಂಕ್ ಒಳನುಗ್ಗಿ ಮೊದಲು ಅಳಿಸಿಹೋಗುವುದು ಸೆರಿಫ್‌ಗಳೇ, ಆಮೇಲೆ 'ಇ'ಯ ಪುಟ್ಟ ಕಣ್ಣು.